ಐದಕ್ಕೆ ಎರಡು ಕೂಡಿಸಿದರೆ ಐದೂವರೆ

ನಮ್ಮ ಮನೆಯಲ್ಲಿ ನಾಲ್ಕು ಜನ. ಆದ್ದರಿಂದ ಏಳು ಸೀಟಿನ ಕಾರು ಬೇಕು ಎಂದು ತೀರ್ಮಾನವಾಯಿತು.

ಈ ಲೆಕ್ಕ ತಪ್ಪು ಅಂತ ನಿಮಗೆ ಅನ್ನಿಸಿದರೆ ನೀವು ಈಚೆಗೆ ಕಾರು ಕೊಳ್ಳಲು ಹೋಗಿಲ್ಲ. ನಾಲ್ಕು ಜನಕ್ಕೆ ಐದು ಸೀಟು ಸಾಕು ಅನ್ನುವುದು ಹಳೇ ಕಾಲದ ಮಾತು. ಈಗ ಎಲ್ಲರೂ ‘ಯಾರಾದರೂ ಬಂದರೆ?’ ಎಂಬ ಪ್ರಶ್ನೆಗೆ ಹೆದರಿಕೊಂಡು ಬದುಕುತ್ತಿದ್ದಾರೆ. ಯಾರು ಬರುತ್ತಾರೆ, ಬಂದವರು ನಮ್ಮ ಕಾರಿನಲ್ಲೇ ಯಾಕೆ ಕೂರಬೇಕು, ಇದನ್ನೆಲ್ಲ ಕೇಳುವ ಹಾಗಿಲ್ಲ. ನಮ್ಮಲ್ಲಿಗೆ ಬರುವವರು ಮೂವರು. ನನ್ನ ಅತ್ತೆ, ಭಾಮೈದ, ಅವನ ಹೆಂಡತಿ. ವರ್ಷಕ್ಕೆ ಎರಡು ಸಲ. ಉಳಿದ ದಿನವೆಲ್ಲ ಆ ಮೂರು ಸೀಟುಗಳು ಅವರ ನೆನಪಿನಲ್ಲಿ ಖಾಲಿ ಓಡಾಡಬೇಕು.

ಏಳು ಅಂತ ಆದ ಮೇಲೆ ದೊಡ್ಡದೋ ಚಿಕ್ಕದೋ ಎಂಬ ಜಗಳ. ಹೆಂಡತಿಗೆ ಚಿಕ್ಕದು ಬೇಕು. ದಿನಾ ಕಾರು ಓಡಿಸುವವಳು ಅವಳು. ನನಗೆ ದೊಡ್ಡದು ಬೇಕು. ನಾನು ವಾರಕ್ಕೊಮ್ಮೆ ಮಾತ್ರ ಓಡಿಸುತ್ತೇನೆ, ಹಾಗಾಗಿ ನನ್ನ ಅಭಿಪ್ರಾಯ ಬಹಳ ಗಟ್ಟಿ. ಮಕ್ಕಳಿಗೆ ಯಾವುದಾದರೂ ಸರಿ, ಫೋನ್ ಚಾರ್ಜ್ ಆಗಬೇಕು ಅಷ್ಟೇ.

ಮೊದಲು ಚಿಕ್ಕದನ್ನು ನೋಡಲು ಹೋದೆವು. ಚಿಕ್ಕದು ಅಂದರೆ ಸುಮಾರು 4.6ರಿಂದ 4.7 ಮೀಟರ್ ಉದ್ದದ್ದು. ನೋಡಿದರೆ ಐದು ಸೀಟಿನ ಕಾರಿನ ಹಾಗೇ ಇತ್ತು. ಸೇಲ್ಸ್ ಹುಡುಗ ಡಿಕ್ಕಿ ತೆಗೆದು, ನೆಲದಲ್ಲಿದ್ದ ಒಂದು ಪಟ್ಟಿ ಹಿಡಿದು ಎಳೆದ. ಎರಡು ಸೀಟು ಎದ್ದು ನಿಂತವು. ಡಿಕ್ಕಿ ಮಾಯವಾಯಿತು. ಅಲ್ಲಿಗೆ ಅರ್ಧ ವ್ಯಾಪಾರ ಮುಗಿದ ಹಾಗೆ ಅವನು ನಕ್ಕ.

‘ಒಂದ್ಸಲ ಕೂತು ನೋಡಿ ಸರ್.’

ಎರಡನೇ ಸಾಲಿನ ಸೀಟನ್ನು ಮುಂದಕ್ಕೆ ಬಾಗಿಸಿ, ಒಂದು ಕಾಲು ಒಳಗಿಟ್ಟು, ತಲೆ ತಗ್ಗಿಸಿ, ಸೊಂಟ ತಿರುಗಿಸಿ, ಇನ್ನೊಂದು ಕಾಲನ್ನು ಕೈಯಿಂದಲೇ ಎತ್ತಿ ಒಳಗೆ ಹಾಕಿಕೊಂಡೆ. ಅದಕ್ಕೆ ‘ಕೂರುವುದು’ ಅನ್ನುವುದಾದರೆ, ಕೂತೆ. ಮೂರನೇ ಸಾಲು ಇರುವುದು ಹಿಂದಿನ ಚಕ್ರಗಳ ಹತ್ತಿರ. ಆಕ್ಸಲ್, ಸಸ್ಪೆನ್ಷನ್ ಎಲ್ಲ ಅಲ್ಲೇ ಕೆಳಗಿರುವುದರಿಂದ ನೆಲ ಎತ್ತರ. ಸೀಟು ಮಡಚಿ ಚಪ್ಪಟೆಯಾಗಬೇಕು, ಹಾಗಾಗಿ ಅದು ತೆಳ್ಳಗೆ, ತಗ್ಗು. ನೆಲ ಮೇಲೆ, ಸೀಟು ಕೆಳಗೆ. ನಡುವೆ ಸಿಕ್ಕಿಕೊಂಡವನ ಮೊಣಕಾಲು ಎಲ್ಲಿಗೆ ಹೋಗಬೇಕು? ಗಲ್ಲದ ಹತ್ತಿರಕ್ಕೆ. ನನ್ನ ಮೊಣಕಾಲನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಕಾಲನ್ನು ಮನೆಯಲ್ಲಿ ಬಿಟ್ಟು ಬರಬೇಕು. ಸುಮ್ನೆ ಹೇಳುತ್ತಿಲ್ಲ. ಮಿತ್ಸುಬಿಷಿ ಔಟ್‌ಲ್ಯಾಂಡರ್‌ನ 2022ರ ಮಾದರಿಯಲ್ಲಿ ಮೂರನೇ ಸಾಲಿನ ಕಾಲಿನ ಜಾಗ ಕಂಪನಿಯ ಲೆಕ್ಕದಲ್ಲೇ 18.7 ಇಂಚು. ಅದೇ ಕಾರಿನ ಮುಂದಿನ ಸಾಲಿನಲ್ಲಿ 40 ಇಂಚಿಗಿಂತ ಜಾಸ್ತಿ. ಮುಂದೆ ಕೂತವರಿಗೆ ಎರಡು ಕಾಲಿಗೂ ಜಾಗ, ಹಿಂದೆ ಕೂತವರಿಗೆ ಒಂದಕ್ಕೆ. ಅದೂ ಪೂರ್ತಿ ಅಲ್ಲ.

‘ಇದು ಮಕ್ಕಳಿಗೆ ಸರ್, ದೊಡ್ಡವರಿಗಲ್ಲ’ ಎಂದ ಹುಡುಗ, ನನ್ನನ್ನು ಹೊರಗೆ ಎಳೆಯುತ್ತಾ.

ಸರಿ, ಮಕ್ಕಳಿಗೇ ಅಂತ ಇಟ್ಟುಕೊಳ್ಳೋಣ. ಸಣ್ಣ ಮಕ್ಕಳಿಗೆ ಚೈಲ್ಡ್ ಸೀಟು ಬೇಕು. ಅದನ್ನು ಬಿಗಿಯುವ ಐಸೋಫಿಕ್ಸ್ ಕೊಂಡಿ ಎಷ್ಟೋ ಕಾರುಗಳ ಮೂರನೇ ಸಾಲಿನಲ್ಲಿ ಇರುವುದೇ ಇಲ್ಲ. ಹಾಗಾಗಿ ಚೈಲ್ಡ್ ಸೀಟು ಎರಡನೇ ಸಾಲಿಗೆ ಹೋಗುತ್ತದೆ. ಅಲ್ಲಿ ಅದನ್ನು ಬಿಗಿದರೆ ಬಹಳಷ್ಟು ಕಾರುಗಳಲ್ಲಿ ಆ ಸೀಟು ಮುಂದಕ್ಕೆ ಬಾಗುವುದಿಲ್ಲ. ಬಾಗದಿದ್ದರೆ ಮೂರನೇ ಸಾಲಿಗೆ ದಾರಿಯೇ ಇಲ್ಲ. ಎರಡೂ ಕಡೆ ಚೈಲ್ಡ್ ಸೀಟು ಹಾಕಿದರೆ ಹಿಂದಿನವರು ಡಿಕ್ಕಿಯಿಂದ ಹತ್ತಬೇಕು, ಡಿಕ್ಕಿಯಿಂದ ಇಳಿಯಬೇಕು, ಸಾಮಾನಿನ ಹಾಗೆ. ಎಲ್ಲ ಕಳೆದರೆ ಆ ಸಾಲಿಗೆ ಅರ್ಹರಾಗಿ ಉಳಿಯುವವರು ಯಾರು? ಚೈಲ್ಡ್ ಸೀಟು ಬಿಟ್ಟಿರಬೇಕು, ಮೊಣಕಾಲು ಇನ್ನೂ ಬೆಳೆದಿರಬಾರದು. ಸುಮಾರು ಹನ್ನೊಂದರಿಂದ ಹದಿಮೂರು ವರ್ಷದವರು. ಆ ವಯಸ್ಸಿನವರು ಅಪ್ಪ ಅಮ್ಮನ ಜೊತೆ ಎಲ್ಲಿಗೂ ಬರುವುದಿಲ್ಲ.

ಈ ವಿಷಯದಲ್ಲಿ ಲ್ಯಾಂಡ್ ರೋವರ್ ಕಂಪನಿಗೆ ಸ್ವಲ್ಪ ಮರ್ಯಾದೆ ಸಲ್ಲಬೇಕು. 2014ರಲ್ಲಿ ಡಿಸ್ಕವರಿ ಸ್ಪೋರ್ಟ್ ತಂದಾಗ ಅವರು ಅದನ್ನು ‘5+2’ ಎಂದು ಕರೆದರು. ಏಳು ಅನ್ನಲಿಲ್ಲ. ಐದು, ಆಮೇಲೆ ಒಂದು ಉಸಿರು, ಆಮೇಲೆ ಎರಡು. ಆ ಕೂಡಿಸುವ ಗುರುತಿನಲ್ಲಿ ಒಂದು ಸಣ್ಣ ಕ್ಷಮೆ ಇದೆ.

ಬೇರೆಯವರು ಕ್ಷಮೆಯನ್ನು ಸೆಂಟಿಮೀಟರಿನಲ್ಲಿ ಕೇಳುತ್ತಾರೆ. ಮರ್ಸಿಡಿಸ್‌ನ ಮೊದಲ ತಲೆಮಾರಿನ ಜಿಎಲ್‌ಬಿ ಬಂದಾಗ ಕಂಪನಿ ಹೇಳಿದ್ದು, ಮೂರನೇ ಸಾಲಿನಲ್ಲಿ 168 ಸೆಂಟಿಮೀಟರ್ ಎತ್ತರದವರೆಗಿನವರು ಆರಾಮಾಗಿ ಕೂರಬಹುದು ಅಂತ. ನಿಸಾನ್ ಎಕ್ಸ್-ಟ್ರೇಲ್‌ನ ಈಗಿನ ತಲೆಮಾರಿನಲ್ಲಿ 160. ಅಂದರೆ ನೆಂಟರನ್ನು ಕರೆಯುವಾಗ ‘ಎಲ್ಲರೂ ಬನ್ನಿ’ ಅನ್ನುವ ಮೊದಲು ಟೇಪು ಹಿಡಿಯಬೇಕು. ನನ್ನ ಅತ್ತೆ ಪಾಸು. ಭಾಮೈದ 182, ಫೇಲು. ಅವನ ಹೆಂಡತಿ 166. ಜಿಎಲ್‌ಬಿಯಲ್ಲಿ ಪಾಸು, ಎಕ್ಸ್-ಟ್ರೇಲ್‌ನಲ್ಲಿ ಫೇಲು. ತಮಾಷೆ ಏನಂದರೆ ಎಕ್ಸ್-ಟ್ರೇಲ್‌ನ ಉದ್ದ 4.68 ಮೀಟರ್, ಜಿಎಲ್‌ಬಿಯದು 4.63. ಕಾರು ಉದ್ದವಾಯಿತು, ಮನುಷ್ಯ ಗಿಡ್ಡವಾದ.

‘ಅದಕ್ಕೇ ಹೇಳಿದ್ದು, ದೊಡ್ಡದು ತಗೊಳ್ಳೋಣ’ ಎಂದು ನಾನು ಗೆದ್ದವನ ಹಾಗೆ ಹೇಳಿದೆ.

ದೊಡ್ಡದರಲ್ಲಿ ವೋಲ್ವೋ ಎಕ್ಸ್‌ಸಿ90 ಇದೆಯಲ್ಲ, ಕುಟುಂಬದ ಕಾರು ಅಂದರೆ ಎಲ್ಲರೂ ತೋರಿಸುವ ಕಾರು. ಉದ್ದ 4.95 ಮೀಟರ್. ಅದರ ಮೂರನೇ ಸಾಲು ಎಷ್ಟು ಎತ್ತರದವರಿಗೆ? ಕಂಪನಿಯ ಮಾತಿನಲ್ಲಿ 170 ಸೆಂಟಿಮೀಟರ್.

ನಾನು ಕಾಗದ ಪೆನ್ನು ತೆಗೆದುಕೊಂಡೆ. ಜಿಎಲ್‌ಬಿಯಿಂದ ಎಕ್ಸ್‌ಸಿ90ಗೆ ಹೋದರೆ ಕಾರು 32 ಸೆಂಟಿಮೀಟರ್ ಬೆಳೆಯುತ್ತದೆ. ಒಳಗಿನ ಮನುಷ್ಯ 2 ಸೆಂಟಿಮೀಟರ್ ಬೆಳೆಯುತ್ತಾನೆ. ನೆಂಟರ ಒಂದೊಂದು ಸೆಂಟಿಮೀಟರಿಗೂ ಕಾರಿನ 16 ಸೆಂಟಿಮೀಟರ್ ಖರ್ಚು. ನಮ್ಮ ಭಾಮೈದ ಹಿಂದೆ ಕೂರಬೇಕಾದರೆ ಇನ್ನೂ 12 ಸೆಂಟಿಮೀಟರ್ ಬೇಕು. ಅಂದರೆ ಸುಮಾರು 6.9 ಮೀಟರ್ ಉದ್ದದ ಕಾರು. ಅದಕ್ಕೆ ಬಸ್ಸು ಅನ್ನುತ್ತಾರೆ ಎಂದು ಹೆಂಡತಿ ನೆನಪಿಸಿದಳು. ನನ್ನ ತ್ರೈರಾಶಿಯನ್ನು ಯಾವ ಇಂಜಿನಿಯರೂ ಒಪ್ಪುವುದಿಲ್ಲ, ಗೊತ್ತು. ಆದರೆ ಈ ಮಾರುಕಟ್ಟೆಯಲ್ಲಿ ಇಂಜಿನಿಯರು ಒಪ್ಪುವಂಥದ್ದು ಏನಿದೆ?

ದೊಡ್ಡದರ ಮಜಾ ಬೇರೆ. ಕಿಯಾ ಇವಿ9 ಐದು ಮೀಟರ್ ದಾಟುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆಯೇ 3.1 ಮೀಟರ್. ಒಳಗೆ ನಿಜವಾಗಿಯೂ ಜಾಗ ಇದೆ, ಸುಳ್ಳು ಹೇಳಬಾರದು. ಇಂಥ ದೊಡ್ಡ ಕಾರು ಕೊಂಡವರು ಮೊದಲು ಮಾಡುವ ಕೆಲಸ ಏನು ಗೊತ್ತಾ? ಎರಡನೇ ಸಾಲಿನ ಮೂರು ಜನರ ಸೀಟು ತೆಗೆಸಿ ಎರಡು ‘ಕ್ಯಾಪ್ಟನ್ ಸೀಟು’ ಹಾಕಿಸುತ್ತಾರೆ. ಕೈಯಿಡಲು ಆಸರೆ, ನಡುವೆ ಓಡಾಡಲು ದಾರಿ. ಏಳು ಬೇಕು ಅಂತ ದೊಡ್ಡದಕ್ಕೆ ಹೋಗಿ, ಆಯ್ಕೆಯ ಪಟ್ಟಿಯಲ್ಲಿ ಗುರುತು ಹಾಕಿ ಅದನ್ನು ಆರು ಮಾಡಿಕೊಳ್ಳುವುದು. ಒಂದು ಕಾರಿಗೆ ಇಬ್ಬರು ಕ್ಯಾಪ್ಟನ್, ಅವರಲ್ಲಿ ಒಬ್ಬರೂ ಡ್ರೈವರ್ ಅಲ್ಲ. ಅದೇ ಕಾರು ಮರುದಿನ ಬೆಳಗ್ಗೆ ಒಬ್ಬನನ್ನು ಕೂರಿಸಿಕೊಂಡು ಆಫೀಸಿಗೆ ಹೊರಡುತ್ತದೆ. ಪಾರ್ಕಿಂಗ್ ಗೆರೆಯಿಂದ ಅರ್ಧ ಮೂತಿ ಹೊರಗೆ ಹಾಕಿಕೊಂಡು ಸಂಜೆವರೆಗೆ ನಿಲ್ಲುತ್ತದೆ.

ಡಿಕ್ಕಿಯ ವಿಷಯಕ್ಕೆ ಬರೋಣ. ಇದರಲ್ಲಿ ನನಗೆ ಬಹಳ ಖುಷಿ ಕೊಟ್ಟಿದ್ದು ಅಳೆಯುವ ವಿಧಾನ. ಜರ್ಮನಿಯ ವಾಹನ ತಯಾರಕರ ಸಂಘದ ವಿಡಿಎ ಪದ್ಧತಿಯಲ್ಲಿ 20 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪದ ದಿಮ್ಮಿಗಳನ್ನು ಡಿಕ್ಕಿಯಲ್ಲಿ ಜೋಡಿಸುತ್ತಾ ಹೋಗುತ್ತಾರೆ. ಒಂದು ದಿಮ್ಮಿ ಒಂದು ಲೀಟರ್. ಎಷ್ಟು ಹಿಡಿಸಿತೋ ಅಷ್ಟು ಲೀಟರ್. ಒಳ್ಳೆಯ ಪದ್ಧತಿಯೇ. ನೀವು ಪ್ರವಾಸಕ್ಕೆ ಇಟ್ಟಿಗೆ ತೆಗೆದುಕೊಂಡು ಹೋಗುವವರಾದರೆ.

ಮೊದಲ ತಲೆಮಾರಿನ ಸ್ಕೋಡಾ ಕೋಡಿಯಾಕ್‌ನಲ್ಲಿ ಏಳೂ ಸೀಟು ಎತ್ತಿದಾಗ ಉಳಿಯುತ್ತಿದ್ದದ್ದು 270 ಲೀಟರ್. ಅದರ ಬಂಧು ಫೋಕ್ಸ್‌ವ್ಯಾಗನ್ ಟಿಗ್ವಾನ್ ಆಲ್‌ಸ್ಪೇಸ್‌ನಲ್ಲಿ 230. ಹೆಸರು ನೋಡಿ, ಆಲ್‌ಸ್ಪೇಸ್! ಏಳರಿಂದ ಭಾಗಿಸಿ. ತಲೆಗೆ 33 ಲೀಟರ್ ಕೂಡ ಪೂರ್ತಿ ಇಲ್ಲ. ಮಕ್ಕಳ ಸ್ಕೂಲ್ ಬ್ಯಾಗಿಗಿಂತ ಸ್ವಲ್ಪ ದೊಡ್ಡದು. ಎರಡನೇ ತಲೆಮಾರಿನ ಕೋಡಿಯಾಕ್ ಇನ್ನೂ ಉದ್ದವಾಗಿ 340 ಲೀಟರಿಗೆ ಬಂದಿದೆ, ತಲೆಗೆ 48 ಚಿಲ್ಲರೆ. ಅಂತೂ ಈ ಕಾರುಗಳು ಏಳು ಜನರನ್ನು ಒಯ್ಯುತ್ತವೆ, ಅಥವಾ ಅವರ ಸಾಮಾನನ್ನು ಒಯ್ಯುತ್ತವೆ. ಎರಡನ್ನೂ ಕೇಳುವುದು ದುರಾಸೆ.

ಇನ್ನು ಡಿಕ್ಕಿ ಮುಚ್ಚುವ ಸುರುಳಿ ಪರದೆ ಇದೆಯಲ್ಲ, ಮೂರನೇ ಸಾಲು ಎತ್ತುವಾಗ ಅದನ್ನು ತೆಗೆದಿಡಬೇಕು. ಕೆಲವು ಕಾರಿನಲ್ಲಿ ಅದಕ್ಕೆ ನೆಲದ ಕೆಳಗೆ ಜಾಗ ಇದೆ. ಇಲ್ಲದ ಕಾರಿನಲ್ಲಿ ಎಂಟನೇ ಪ್ರಯಾಣಿಕರಾಗಿ ಯಾರದೋ ತೊಡೆ ಮೇಲೆ ಅದು ಬರುತ್ತದೆ.

ಭಾರದ ಲೆಕ್ಕ ಯಾರೂ ಹಾಕುವುದಿಲ್ಲ. ತಲೆಗೆ 75 ಕಿಲೋ ಅಂತ ಹಿಡಿದರೆ ಏಳು ಜನ 525 ಕಿಲೋ. ಈ ಕಾರು ಒಟ್ಟು ಎಷ್ಟು ಹೊರಬಹುದು ಎಂದು ಬಾಗಿಲ ಕಂಬದ ಮೇಲೆ ಒಂದು ಸಣ್ಣ ಪಟ್ಟಿಯಲ್ಲಿ ಬರೆದಿರುತ್ತಾರೆ. ಸೇಲ್ಸ್ ಹುಡುಗನನ್ನು ಆ ಪಟ್ಟಿ ಎಲ್ಲಿದೆ ಎಂದು ಕೇಳಿದೆ. ಅವನು ಸನ್‌ರೂಫ್ ತೆಗೆದು ತೋರಿಸಿದ.

ನಿಜಕ್ಕೂ ಏಳು ಜನ ಕೂರುವ ಕಾರು ಲೋಕದಲ್ಲಿ ಇರಲಿಲ್ಲ ಅಂತಲ್ಲ. ಇತ್ತು. 1983ರ ಕೊನೆಗೆ ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ ಡಾಡ್ಜ್ ಕ್ಯಾರವಾನ್ ತಂದಿತು. 1984ರಲ್ಲಿ ಯುರೋಪಿನಲ್ಲಿ ರೆನೋ ಎಸ್ಪಾಸ್ ಬಂತು. ಡಬ್ಬದ ಆಕಾರ, ತಗ್ಗು ನೆಲ, ನೇರವಾದ ಸೂರು. ಕ್ಯಾರವಾನ್‌ಗೆ ಸರಿಯುವ ಬಾಗಿಲು ಬೇರೆ. ಸರಿಯುವ ಬಾಗಿಲು ಮನುಷ್ಯ ಕಂಡುಹಿಡಿದ ಒಳ್ಳೆಯ ವಸ್ತುಗಳಲ್ಲಿ ಒಂದು ಅಂತ ನನ್ನ ಅಭಿಪ್ರಾಯ. ಮಕ್ಕಳು ಅದನ್ನು ಎಷ್ಟು ಜೋರಾಗಿ ತೆಗೆದರೂ ಪಕ್ಕದ ಕಾರಿಗೆ ಬಡಿಯುವುದಿಲ್ಲ. ಆದರೆ ಈ ಡಬ್ಬದಂಥ ವ್ಯಾನಿನಲ್ಲಿ ಒಂದು ದೋಷ ಇತ್ತು. ಅದರಿಂದ ಇಳಿದವನು ಇಬ್ಬರು ಮಕ್ಕಳ ಅಪ್ಪ ಎಂದು ನೋಡಿದವರಿಗೆಲ್ಲ ಗೊತ್ತಾಗಿಬಿಡುತ್ತಿತ್ತು. ಇಬ್ಬರು ಮಕ್ಕಳ ಅಪ್ಪನಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ? ಅವನು ಬೆಟ್ಟ ಹತ್ತುವವನ ಹಾಗೆ ಕಾಣಬೇಕು. ಹತ್ತಬೇಕಾಗಿಲ್ಲ, ಕಂಡರೆ ಸಾಕು.

ಹೀಗೆ ವ್ಯಾನುಗಳು ಒಂದೊಂದಾಗಿ ವೇಷ ಬದಲಿಸಿದವು. 2009ರ ಪ್ಯೂಜೊ 5008 ಅಪ್ಪಟ ಕುಟುಂಬದ ವ್ಯಾನು. 2016ರಲ್ಲಿ ತೋರಿಸಿದ ಎರಡನೇ ತಲೆಮಾರಿನ 5008 ಎಸ್‌ಯುವಿ. ಹೆಸರು ಅದೇ, ಸೀಟು ಏಳೇ, ಮೂತಿ ಮಾತ್ರ ಸಿಟ್ಟು ಮಾಡಿಕೊಂಡಿತ್ತು. ಯುರೋಪಿಗೆ ವ್ಯಾನು ಕಲಿಸಿದ ಎಸ್ಪಾಸ್ ಕೂಡ 2023ರಲ್ಲಿ, ಆಸ್ಟ್ರಲ್ ಎಂಬ ಐದು ಸೀಟಿನ ಕಾರನ್ನು ಹಿಗ್ಗಿಸಿದ ಕ್ರಾಸ್‌ಓವರ್ ಆಗಿ, ಅಂದರೆ ಎಸ್‌ಯುವಿ ವೇಷದ ಕಾರಾಗಿ ಬಂತು. ಅಳಿಯ ಅಲ್ಲ, ಮಗಳ ಗಂಡ. ಈ ಗಾದೆಯ ಅಳಿಯ ನಮ್ಮ ಮನೆಯಲ್ಲಿ ನಾನೇ ಆದ್ದರಿಂದ ಒಂದು ಮಾತು ಹೇಳಬಲ್ಲೆ. ಮಗಳ ಗಂಡ ಅಂತ ಕರೆದರೂ ಕೂರಲು ಸಿಗುವ ಜಾಗ ಜಾಸ್ತಿಯಾಗುವುದಿಲ್ಲ.

ವ್ಯಾನು ತಗೊಳ್ಳೋಣವಾ ಎಂದು ಹೆಂಡತಿ ಒಮ್ಮೆ ಮೆಲ್ಲಗೆ ಕೇಳಿದಳು. ಯಾರೂ ಉತ್ತರಿಸಲಿಲ್ಲ. ದೊಡ್ಡ ಮಗ ಎದ್ದು ಕೋಣೆಗೆ ಹೋದ.

ಕೊನೆಗೆ ಚಿಕ್ಕದನ್ನೇ ಕೊಂಡೆವು. ದಿನಾ ಓಡಿಸುವವಳ ಮಾತು ನಡೆಯಿತು. ತಂದ ದಿನ ಮೂರನೇ ಸಾಲನ್ನು ಎತ್ತಿ ಅಕ್ಕಪಕ್ಕದವರಿಗೆ ತೋರಿಸಿದೆ. ಆಮೇಲೆ ಮಡಚಿದ್ದು ಮಡಚಿದಂತೇ ಇದೆ. ಆ ಎರಡು ಸೀಟುಗಳನ್ನು ನಾವು ಎಲ್ಲಿ ಹೋದರೂ ಹೊತ್ತುಕೊಂಡು ಹೋಗುತ್ತೇವೆ. ಅವು ಮಾತ್ರ ಇನ್ನೂ ಯಾರನ್ನೂ ಹೊತ್ತಿಲ್ಲ.

ಹೋದ ತಿಂಗಳು ಆ ಗಳಿಗೆ ಬಂತು. ಅತ್ತೆ, ಭಾಮೈದ, ಅವನ ಹೆಂಡತಿ ಬಂದರು. ನಾಲ್ಕೂ ಮೂರೂ ಏಳು. ಎಲ್ಲರೂ ಸೇರಿ ಮೂರು ದಿನ ಹೊರಗೆ ಹೋಗುವುದು ಅಂತ ಆಯಿತು. ನಾನು ಕಾರಿನ ಕೀಲಿ ಹಿಡಿದು ಹೊರಗೆ ಬಂದೆ. ಗೇಟಿನ ಮುಂದೆ ಒಂದು ದೊಡ್ಡ ಕಾರು ನಿಂತಿತ್ತು. ಅದರ ಹಿಂದಿನ ಅರ್ಧ ಪಕ್ಕದ ಮನೆಯ ಮುಂದೆ ಇತ್ತು.

‘ಯಾರದೋ ಇದು?’

‘ನಂದೇ ಭಾವ. ಹೋದ ವಾರ ತಗೊಂಡೆ. ನೀವೆಲ್ಲ ಬಂದ್ರೆ ಬೇಕಾಗುತ್ತೆ ಅಂತ’ ಎಂದ ಭಾಮೈದ.

‘ಒಳ್ಳೇದಾಯ್ತು. ಹಾಗಾದ್ರೆ ಎಲ್ಲರೂ ನಿನ್ನ ಕಾರಲ್ಲೇ ಹೋಗೋಣ.’

ಅವನು ತಲೆ ಕೆರೆದುಕೊಂಡ. ‘ಅದು ಆರೇ ಜನಕ್ಕೆ ಭಾವ. ಕ್ಯಾಪ್ಟನ್ ಸೀಟು ಹಾಕಿಸಿದೀನಿ. ನಿಮ್ದು ಏಳು ಅಲ್ವಾ?’

ನನ್ನದು ಏಳೇ. ಡಿಕ್ಕಿ ತೆಗೆದೆ. ಪಟ್ಟಿ ಎಳೆದೆ. ಸೀಟು ಎದ್ದು ನಿಂತಿತು. ಆರು ಸೂಟ್‌ಕೇಸು ಅಂಗಳದಲ್ಲಿ ಸಾಲಾಗಿ ನಿಂತು ನೋಡುತ್ತಿದ್ದವು. ಭಾಮೈದ ಬಗ್ಗಿ ಒಳಗೆ ನೋಡಿ, ತನ್ನ ಮೊಣಕಾಲನ್ನು ಒಮ್ಮೆ ಮುಟ್ಟಿಕೊಂಡು, ಏನೂ ಹೇಳದೆ ಹಿಂದೆ ಸರಿದ. ನಾನು ಮತ್ತೆ ಪಟ್ಟಿ ಎಳೆದು ಸೀಟು ಮಡಚಿದೆ. ಅವುಗಳ ಮೇಲೆ ಸೂಟ್‌ಕೇಸು ಜೋಡಿಸಿದೆವು.

ಹದಿಮೂರು ಸೀಟಿನ ಎರಡು ಕಾರುಗಳಲ್ಲಿ ಏಳು ಜನ ಹೊರಟೆವು. ಅತ್ತೆ ಎರಡೂ ಕಾರಿನ ಸುತ್ತ ಒಂದು ಸುತ್ತು ಬಂದು, ಎರಡರಲ್ಲೂ ಇಣುಕಿ ಕೇಳಿದರು:

‘ಅಳಿಯಂದ್ರೇ, ಮುಂದಿನ ಸೀಟು ಯಾವುದರಲ್ಲಿ ಖಾಲಿ ಇದೆ?’