ಸ್ಪಷ್ಟನೆ: ಹಜಾರ್ಡ್ ರೇಶಿಯೋ 0.5 ಎಂದರೆ ಇಮ್ಮಡಿ ಆಯುಷ್ಯವಲ್ಲ

‘ಹೊಸ ಔಷಧದ ಹಜಾರ್ಡ್ ರೇಶಿಯೋ 0.5, ಅಂದರೆ ಅದನ್ನು ತೆಗೆದುಕೊಂಡವರು ಎರಡು ಪಟ್ಟು ಕಾಲ ಬದುಕುತ್ತಾರೆ’ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಯಾವುದೇ ಹೊತ್ತಿನಲ್ಲಿ, ಅಲ್ಲಿಯವರೆಗೆ ಬದುಕುಳಿದವರ ಪೈಕಿ, ಔಷಧ ಪಡೆದವರ ಸಾವಿನ ದರ ಔಷಧವಿಲ್ಲದ ಗುಂಪಿನ ದರದ ಅರ್ಧದಷ್ಟು. ಆ ಅಂಕಿ ಹೇಳುವುದು ಇಷ್ಟೇ. ಈ ರೇಶಿಯೋವನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಸಂಖ್ಯಾಶಾಸ್ತ್ರಜ್ಞ ಡೇವಿಡ್ ಕಾಕ್ಸ್ 1972ರಲ್ಲಿ ಮುಂದಿಟ್ಟ ರಿಗ್ರೆಶನ್ ಮಾದರಿಯಿಂದ. ಆ ಮಾದರಿ, ಮೂಲ ಅಪಾಯ (ಅಂದರೆ ಔಷಧವಿಲ್ಲದ ಗುಂಪಿನ ಸಾವಿನ ದರ) ಕಾಲದೊಂದಿಗೆ ಹೇಗೆ ಏರಿಳಿಯುತ್ತದೆ ಎಂಬುದನ್ನು ಮೊದಲೇ ಊಹಿಸಿಕೊಳ್ಳುವುದಿಲ್ಲ; ಅದರ ಸೊಗಸೇ ಅದು. ಹಾಗಾಗಿ ಈ ಒಂದೇ ಅಂಕಿಯಿಂದ ಆಯುಷ್ಯದ ಲೆಕ್ಕ ಹಾಕಲಾಗದು.

ಅಪಾಯ ಸದಾ ಒಂದೇ ಮಟ್ಟದಲ್ಲಿದ್ದರೆ ಮಾತ್ರ ಕಾಲ ಇಮ್ಮಡಿಯಾಗುತ್ತದೆ. ಅದು ಕಾಲಕ್ಕೆ ನೇರ ಅನುಪಾತದಲ್ಲಿ ಏರುತ್ತಿದ್ದರೆ ಸುಮಾರು 1.4 ಪಟ್ಟು, ಅಷ್ಟೆ. ಬದುಕುಳಿಯುವ ಪ್ರಮಾಣ ಬೇಕಿದ್ದರೆ ಹೀಗೆ ನೋಡಿ: ಔಷಧವಿಲ್ಲದ ಗುಂಪಿನಲ್ಲಿ 5 ವರ್ಷಕ್ಕೆ ಶೇ. 81 ಮಂದಿ ಉಳಿದಿದ್ದರೆ, ಔಷಧ ಪಡೆದವರಲ್ಲಿ ಶೇ. 90. ರೇಶಿಯೋ 0.5 ಆದ್ದರಿಂದ ಇದು 0.81ರ ವರ್ಗಮೂಲ. ಅದೂ ರೇಶಿಯೋ ಉದ್ದಕ್ಕೂ ಬದಲಾಗದಿದ್ದಾಗ.

ಚಿಕಿತ್ಸೆಯ ನಿರ್ಧಾರ ಮಾಡಬೇಕಾದ ಕುಟುಂಬಗಳೂ ಇದನ್ನು ಓದುತ್ತಿವೆ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ತಿದ್ದುಪಡಿಯನ್ನೂ ಹಾಕಿ.