ಹದಿನಾಲ್ಕು ದಾಟದ ಮಾರ್ಕಂಡೇಯರು

ಕ್ರೀಡೆಯಲ್ಲಿ ವಯಸ್ಸು ಮುಚ್ಚಿಡುವವರನ್ನು ಹಿಡಿಯಲೆಂದು ಕೇಂದ್ರ ಕ್ರೀಡಾ ಸಚಿವಾಲಯ 2025ರಲ್ಲಿ ಹೊಸ ಸಂಹಿತೆಯೊಂದರ ಕರಡನ್ನು ಹೊರಡಿಸಿದ್ದು ಓದುಗರಿಗೆ ನೆನಪಿರಬಹುದು. ಮೊದಲ ಸಲ ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ, ಎರಡನೆಯ ಸಲಕ್ಕೆ ಆಜೀವ ನಿಷೇಧ ಮತ್ತು ಎಫ್‌ಐಆರ್, ತಾವಾಗಿಯೇ ಬಂದು ನಿಜವಾದ ವಯಸ್ಸನ್ನು ಒಪ್ಪಿಕೊಳ್ಳುವ ಪುಣ್ಯಾತ್ಮರಿಗೆ ಆರು ತಿಂಗಳ ಕ್ಷಮಾದಾನ. ಇದಕ್ಕೂ ಮೊದಲಿನ ಸಂಹಿತೆ 2010ರದು. ಅದಕ್ಕೆ ಆಗಲೇ ಹದಿನೈದು ವರ್ಷ ತುಂಬಿತ್ತು. ಅಂದರೆ ನಮ್ಮ ಮೈದಾನಗಳ ಲೆಕ್ಕದಲ್ಲಿ ಅದಿನ್ನೂ ಹನ್ನೆರಡರೊಳಗಿನವರ ವಿಭಾಗದಲ್ಲಿ ನಿರಾತಂಕವಾಗಿ ಆಡಬಹುದಿತ್ತು.

ಶಿವನ ವರದಿಂದ ಮಾರ್ಕಂಡೇಯನಿಗೆ ವಯಸ್ಸು ಹದಿನಾರನ್ನು ದಾಟಲಿಲ್ಲವಂತೆ. ಅದಕ್ಕಾಗಿ ಅವನು ಲಿಂಗವನ್ನು ತಬ್ಬಿಕೊಂಡು ಯಮನ ಪಾಶಕ್ಕೆ ಕೊರಳೊಡ್ಡಬೇಕಾಯಿತು. ನಮ್ಮ ಕಾಲದ ಮಾರ್ಕಂಡೇಯರಿಗೆ ಇಷ್ಟು ಕಷ್ಟವಿಲ್ಲ. ಜನನ ನೋಂದಣಿಯ ಒಂದು ತಿದ್ದುಪಡಿ, ಒಂದು ಪ್ರಮಾಣಪತ್ರ, ಒಬ್ಬ ಪರಿಚಯದ ಗುಮಾಸ್ತ ಇದ್ದರೆ ಸಾಕು, ಹುಡುಗನ ಪ್ರಾಯ ಹದಿನಾಲ್ಕರಲ್ಲಿಯೇ ನಿಂತುಬಿಡುತ್ತದೆ. ಮೈ ಬೆಳೆಯುತ್ತದೆ, ದನಿ ಒಡೆಯುತ್ತದೆ, ಬೌಲಿಂಗ್ ರನ್ ಅಪ್ ಉದ್ದವಾಗುತ್ತದೆ. ದಾಖಲೆ ಮಾತ್ರ ಅಲುಗುವುದಿಲ್ಲ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಹದಿನಾಲ್ಕರೊಳಗಿನವರ ಪಂದ್ಯಾವಳಿಯಲ್ಲಿ ಅಕ್ಷರಶಃ ಕಾಣಬಹುದಾದ ದೇಶ ನಮ್ಮದು.

ನಂಬದವರು ಯಾವುದಾದರೂ ಖಾಸಗಿ ಟೂರ್ನಿಯ ನೋಂದಣಿ ಮೇಜಿನ ಹತ್ತಿರ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ನಿಂತು ನೋಡಬೇಕು. ಅಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಆಧಾರ್ ಪ್ರತಿ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಜೊತೆಗೆ ಇನ್ನೂ ಶಾಯಿಯ ವಾಸನೆ ಹೋಗದ ಜನನ ಪ್ರಮಾಣಪತ್ರ. ಹುಡುಗನ ಕೆನ್ನೆ ಅಂದೇ ಬ್ಲೇಡು ಕಂಡದ್ದರಿಂದ ಹಸಿರಾಗಿರುತ್ತದೆ, ಗದ್ದದ ಕೆಳಗೆ ಒಂದು ಚೂರು ಬ್ಯಾಂಡೇಜು. ಮೇಜಿನ ಹಿಂದೆ ಕುಳಿತವರು ‘ಹುಟ್ಟಿದ ದಿನ ಯಾವುದಪ್ಪ?’ ಎಂದು ಕೇಳಿದಾಗ ಅವನು ಉತ್ತರ ಹೇಳುವುದಿಲ್ಲ, ಅಪ್ಪನ ಮುಖ ನೋಡುತ್ತಾನೆ. ತಾರೀಖು ಅವನಿಗೆ ಗೊತ್ತು, ಕೇಕು ಕತ್ತರಿಸಿಯೇ ಇರುತ್ತಾನೆ. ತಡವರಿಸುವುದು ಇಸವಿಯ ಹತ್ತಿರ. ಅಷ್ಟರಲ್ಲಿ ಅಪ್ಪನೇ ಮುಂದೆ ಬಂದು ‘ಅವನಿಗೆ ಸ್ವಲ್ಪ ನಾಚಿಕೆ ಸಾರ್’ ಎನ್ನುತ್ತಾರೆ. ನಾಚಿಕೆಯ ಲವಲೇಶವೂ ಇಲ್ಲದವರೊಬ್ಬರು ಆ ಮೇಜಿನ ಮುಂದೆ ಇದ್ದೇ ಇರುತ್ತಾರೆ, ಆದರೆ ಅದು ಹುಡುಗನಲ್ಲ.

ಈ ಅಪ್ಪಂದಿರ ಬಗ್ಗೆ ನನಗೆ ಒಂದು ಬಗೆಯ ಭಯಭಕ್ತಿ ಇದೆ. ಇಪ್ಪತ್ತೈದು ವರ್ಷದ ಹಿಂದೆ ವಲಯ ಮಟ್ಟದ ಆಯ್ಕೆಯಲ್ಲಿ ಇವರ ಹೆಸರು ಬಿಟ್ಟುಹೋಗಿರುತ್ತದೆ. ಅಂದಿನ ಆಯ್ಕೆಗಾರರು ಯಾರ ನೆಂಟರು, ಅಂದು ಆಯ್ಕೆಯಾದವನು ಎಂಥ ಕೈಲಾಗದವನು ಎಂಬುದನ್ನು ಇವರು ಇಂದಿಗೂ ತಾರೀಖಿನ ಸಮೇತ ಹೇಳಬಲ್ಲರು. ಆ ಲೆಕ್ಕ ಚುಕ್ತಾ ಆಗಿಲ್ಲ. ಓರಗೆಯವರೊಂದಿಗೆ ಚುಕ್ತಾ ಮಾಡಿಕೊಳ್ಳುವ ಕಾಲವೂ ಮೀರಿದೆ, ಮೊಣಕಾಲೂ ಕೈಕೊಟ್ಟಿದೆ. ಹಾಗಾಗಿ ಹದಿನಾಲ್ಕು ವರ್ಷದ ಮಕ್ಕಳ ಮೇಲೆ ತೀರಿಸಿಕೊಳ್ಳುತ್ತಾರೆ. ಯಯಾತಿ ಮಗನ ಯೌವನವನ್ನು ಕೇಳಿ ಪಡೆದದ್ದು ಸುಖಪಡಲಿಕ್ಕೆ. ಸಾವಿರ ವರ್ಷದ ನಂತರ ಬೇಸರ ಬಂದು ಮರಳಿಸಿದ ಎಂಬಷ್ಟು ಮರ್ಯಾದೆ ಅವನಿಗಿತ್ತು. ನಮ್ಮ ಯಯಾತಿಗಳು ಮಗನ ವಯಸ್ಸಿನಿಂದ ಎರಡು ವರ್ಷ ಕಳೆದು ಕೇವಲ ಒಂದು ಸ್ಟೀಲ್ ಟ್ರೋಫಿ ಮತ್ತು ಗುಂಪು ಫೋಟೊ ಪಡೆಯುತ್ತಾರೆ.

ವಯಸ್ಸಿನ ವಿಷಯದಲ್ಲಿ ಕನ್ನಡಿಗರು ಯಾವತ್ತೂ ಉದಾರಿಗಳು ಎಂಬುದನ್ನೂ ಇಲ್ಲಿ ಹೇಳಬೇಕು. ನಮ್ಮ ಹಿಂದಿನ ತಲೆಮಾರಿನವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳನ್ನು ಒಂದೆಡೆ ಗುಡ್ಡೆ ಹಾಕಿದರೆ, ಈ ನಾಡಿನ ಬಹುತೇಕ ಹೆರಿಗೆಗಳು ಜೂನ್ 1ರಂದೇ ಆದವೇನೋ ಎಂಬ ಅನುಮಾನ ಬರುತ್ತದೆ. ಆ ದಿನ ಸೂಲಗಿತ್ತಿಯರು ಪಟ್ಟ ಪಾಡನ್ನು ನೆನೆದರೆ ಕಣ್ಣೀರು ಬರಬೇಕು. ನಡೆದದ್ದು ಇಷ್ಟೇ: ಶಾಲೆ ತೆರೆಯುವ ತಿಂಗಳಲ್ಲಿ ತಂದೆಯೋ ಸೋದರಮಾವನೋ ಮಗುವಿನ ಕೈಹಿಡಿದು ತಂದು ನಿಲ್ಲಿಸುತ್ತಿದ್ದರು. ‘ದೊಡ್ಡ ಮಳೆ ಬಂದು ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದ್ದು ಮೇಷ್ಟ್ರೇ’ ಎನ್ನುತ್ತಿದ್ದರು. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿನಿಂದ ಬಳಸಿ ಎಡಕಿವಿಯನ್ನು ಮುಟ್ಟಿಸುತ್ತಿದ್ದರು. ಮುಟ್ಟಿದರೆ ಒಂದನೆಯ ತರಗತಿ, ಮುಟ್ಟದಿದ್ದರೆ ಬರುವ ವರ್ಷ ಬಾ. ಇಸವಿಯಲ್ಲಿ ಐದೋ ಆರೋ ಕಳೆದು, ತಿಂಗಳು ತಾರೀಖಿನ ಜಾಗದಲ್ಲಿ ಜೂನ್ 1 ಎಂದು ಬರೆದರೆ ಒಂದು ಜನ್ಮ ಸಿದ್ಧ. ಅದರಲ್ಲಿ ಮೋಸವಿರಲಿಲ್ಲ, ಕ್ಯಾಲೆಂಡರೇ ಇರಲಿಲ್ಲ. ಆ ತಾರೀಖಿನ ಮೇಲೆಯೇ ಲಕ್ಷಾಂತರ ಮಂದಿ ನೌಕರಿ ಹಿಡಿದು, ಬಡ್ತಿ ಪಡೆದು, ಮೇ 31ಕ್ಕೆ ಸಾಲುಸಾಲಾಗಿ ಹಾರ ಹಾಕಿಸಿಕೊಂಡು ನಿವೃತ್ತರಾದರು.

ಕಿವಿ ಮುಟ್ಟಿಸುವ ಆ ಪರೀಕ್ಷೆಗೆ ಈಗ ವೈಜ್ಞಾನಿಕ ರೂಪ ಬಂದಿದೆ. ಮಗುವಿನ ಎಡ ಮಣಿಕಟ್ಟಿನ ಎಕ್ಸ್‌-ರೇ ತೆಗೆದು, ಎಲುಬುಗಳು ಎಷ್ಟರ ಮಟ್ಟಿಗೆ ಬಲಿತಿವೆ, ತುದಿಯ ಮೃದ್ವಸ್ಥಿ ಎಷ್ಟು ಕೂಡಿಕೊಂಡಿದೆ ಎಂಬುದಕ್ಕೆ ಅಂಕ ಕೊಟ್ಟು ವಯಸ್ಸನ್ನು ಅಂದಾಜು ಮಾಡುತ್ತಾರೆ. ಟ್ಯಾನರ್-ವೈಟ್‌ಹೌಸ್ ಎಂಬ ಈ ವಿಧಾನದ ಮೂರನೆಯ ಆವೃತ್ತಿಯನ್ನು ಬಿಸಿಸಿಐ 2012ರ ಸುಮಾರಿನಿಂದ ಬಳಸುತ್ತಿದೆ. ಫಿಫಾ 2009ರ ಹದಿನೇಳರೊಳಗಿನವರ ವಿಶ್ವಕಪ್ಪಿನಿಂದ ಎಂಆರ್‌ಐ ಯಂತ್ರದೊಳಗೆ ಮಣಿಕಟ್ಟು ಇಡಿಸುತ್ತಿದೆ. ಇಡೀ ದೇಶದಲ್ಲಿ ಲಂಚ ತಿನ್ನದ ಸರ್ಕಾರಿ ಸಾಕ್ಷಿಯೊಂದು ಕೊನೆಗೂ ಸಿಕ್ಕಿದೆ, ಅದು ಮೂಳೆ. ಅಣ್ಣನ ಬದಲಿಗೆ ತಮ್ಮ ಹೋಗಿ ಎಕ್ಸ್‌-ರೇ ತೆಗೆಸಿಕೊಂಡು ಬಂದ ಕತೆಗಳು ಮೈದಾನದ ಅಂಚಿನಲ್ಲಿ ಆಗಾಗ ಕೇಳಿಬರುತ್ತವೆ. ನಿಜವೋ ಸುಳ್ಳೋ ಅಂತೂ ಯಾರೂ ಬೆಚ್ಚಿಬೀಳುವುದಿಲ್ಲ. ಮೂಳೆಗೂ ಒಂದು ಮಿತಿಯುಂಟು. ಅದು ಹೇಳುವುದು ಮೈ ಎಷ್ಟು ಬಲಿತಿದೆ ಎಂಬುದನ್ನೇ ಹೊರತು ಹುಟ್ಟಿದ ತಾರೀಖನ್ನಲ್ಲ. ಬೇಗ ಬೆಳೆದ, ಸಾಚಾ ದಾಖಲೆಯ ಹುಡುಗನೊಬ್ಬ ಇದರಲ್ಲಿ ಹೊರಬೀಳಬಹುದು, ತಡವಾಗಿ ಬೆಳೆಯುವ ಪ್ರಚಂಡನೊಬ್ಬ ನಗುತ್ತ ಒಳಬರಬಹುದು.

ಕಾಗದಗಳ ಪಾಡಂತೂ ಕೇಳುವುದೇ ಬೇಡ. ಆಧಾರ್ ಗುರುತಿನ ಪುರಾವೆಯೇ ಹೊರತು ಜನ್ಮದಿನಾಂಕದ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟು 2024ರ ಅಕ್ಟೋಬರ್‌ನಲ್ಲಿ ಹೇಳಿತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ ಎಂದು ಕಾನೂನು ಬದಲಾಗಿದೆ. ಆ ಮಕ್ಕಳು ಹದಿನಾಲ್ಕರೊಳಗಿನವರ ತಂಡಕ್ಕೆ ಬರುವ ಹೊತ್ತಿಗೆ ಗುಮಾಸ್ತರೂ ಹೊಸ ವಿದ್ಯೆ ಕಲಿತಿರುತ್ತಾರೆ. ಹುಟ್ಟಿದ್ದು 1950ರಲ್ಲೋ 1951ರಲ್ಲೋ ಎಂಬ ವ್ಯಾಜ್ಯವನ್ನು ಹಿಡಿದು ಸೇನೆಯ ಮುಖ್ಯಸ್ಥರೇ 2012ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅರ್ಜಿ ಹಿಂಪಡೆದು ಬಂದ ದೇಶದಲ್ಲಿ ಒಬ್ಬ ಎಡಗೈ ಸ್ಪಿನ್ನರನ ಎರಡು ವರ್ಷದ ವ್ಯತ್ಯಾಸಕ್ಕೆ ಬಾಯಿ ಬಡಿದುಕೊಳ್ಳುವುದು ಅತಿಯಾಯಿತೇನೋ. ಗಡಿಯಾಚೆಗೂ ಪರಿಸ್ಥಿತಿ ಇಷ್ಟೇ. ಶಾಹಿದ್ ಅಫ್ರಿದಿ 1996ರಲ್ಲಿ ನೈರೋಬಿಯಲ್ಲಿ 37 ಎಸೆತಕ್ಕೆ ಶತಕ ಹೊಡೆದಾಗ ಹದಿನಾರರ ಪೋರ ಎಂದು ಜಗತ್ತು ಮೂಗಿನ ಮೇಲೆ ಬೆರಳಿಟ್ಟಿತ್ತು. 2019ರಲ್ಲಿ ಆತ್ಮಕಥೆಯಲ್ಲಿ ಆತ ತಾನು ಹುಟ್ಟಿದ್ದು 1975ರಲ್ಲಿ, ಆಗ ತನಗೆ ಹತ್ತೊಂಬತ್ತು ಎಂದು ಸತ್ಯ ಒಪ್ಪಿಕೊಂಡರು. 1996ರಿಂದ 1975ನ್ನು ಯಾವ ದಿಕ್ಕಿನಿಂದ ಕಳೆದರೂ ಇಪ್ಪತ್ತಕ್ಕಿಂತ ಕಡಿಮೆ ಬರುವುದಿಲ್ಲ. ಸತ್ಯ ಹೇಳುವಾಗಲೂ ಒಂದು ವರ್ಷ ಉಳಿಸಿಕೊಳ್ಳುವುದು ಅಭ್ಯಾಸಬಲ.

ಇದೇ ಅಪ್ಪಂದಿರು ಕೆಲವು ವರ್ಷ ಮೊದಲು ಇದಕ್ಕೆ ಸಂಪೂರ್ಣ ವಿರುದ್ಧವಾದ ಹೋರಾಟದಲ್ಲಿ ಇರುತ್ತಾರೆ ಎಂಬುದು ನನ್ನ ಮೆಚ್ಚಿನ ಭಾಗ. ಒಂದನೆಯ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕು ಎಂಬ ನಿಯಮ ಬಂದಾಗ, ಒಂದು ವರ್ಷ ಹಾಳಾಗುತ್ತದೆ ಎಂದು ಪೋಷಕರು ಎಬ್ಬಿಸಿದ ಬೊಬ್ಬೆಗೆ ನಮ್ಮ ಸರ್ಕಾರ 2025-26ನೇ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಇಳಿಯಿತು. ಶಾಲೆಯ ಗೇಟಿನಲ್ಲಿ ಮಗು ಬೇಗ ದೊಡ್ಡದಾಗಬೇಕು, ಮೈದಾನದ ಗೇಟಿನಲ್ಲಿ ಚಿಕ್ಕದಾಗಿಯೇ ಉಳಿಯಬೇಕು. ಇವೆರಡರ ನಡುವೆ ಎಲ್ಲಿಯಾದರೂ ಅದರ ನಿಜವಾದ ವಯಸ್ಸಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಡಬಹುದಿತ್ತು.

ಇನ್ನು ಈ ಎಲ್ಲದರಲ್ಲಿ ಸೋತದ್ದು ಯಾರು ಎಂದು ಕೇಳಿದರೆ, ವಿಡಂಬನೆ ಬರೆಯುವ ಕೈ ನಿಲ್ಲುತ್ತದೆ. ತಂಡದಲ್ಲಿ ಒಬ್ಬ ನಿಜವಾಗಿಯೂ ಹದಿನಾಲ್ಕು ವರ್ಷದವನು ಇರುತ್ತಾನೆ. ಸಣಕಲು ಕೈ, ಮಂಡಿಯಿಂದ ಜಾರುವ ಪ್ಯಾಡು. ಎದುರಿನಿಂದ ಹದಿನೇಳರ ಭುಜದ ಬಲದಲ್ಲಿ ಬಂದ ಚೆಂಡು ಅವನ ಬ್ಯಾಟು ಎತ್ತುವ ಮೊದಲೇ ಸ್ಟಂಪು ಹಾರಿಸುತ್ತದೆ, ಇಲ್ಲವೇ ಪಕ್ಕೆಗೆ ಬಡಿಯುತ್ತದೆ. ಎರಡು ಋತು ಹೀಗೆ ಆದ ಮೇಲೆ ಅವನಿಗೆ ಒಂದು ವಿಷಯ ಮನದಟ್ಟಾಗುತ್ತದೆ, ತನಗೆ ಆಟ ಬರುವುದಿಲ್ಲ ಎಂದು. ಕೋಚು ಹೇಳುತ್ತಾರೆ, ಮನೆಯಲ್ಲೂ ಹೇಳುತ್ತಾರೆ: ಶ್ರಮ ಸಾಲದು, ಹೆದರುತ್ತಾನೆ, ಆ ಹುಡುಗನನ್ನು ನೋಡಿ ಕಲಿ. ಆ ಹುಡುಗನಿಗೆ ಹದಿನೇಳು ಎಂದು ಇವನಿಗೆ ಯಾರೂ ಹೇಳುವುದಿಲ್ಲ. ಮೂರು ವರ್ಷದ ನಂತರ ಯಾವುದೋ ಸಮಿತಿ ಯಾರನ್ನೋ ನಿಷೇಧಿಸಿದಾಗ ಇವನು ಪಿಯುಸಿಯ ಅಕೌಂಟೆನ್ಸಿ ಪುಸ್ತಕದ ಮುಂದೆ ಕುಳಿತಿರುತ್ತಾನೆ. ನಿನ್ನ ಜಾಗವನ್ನು ಕದ್ದಿದ್ದರು ಕಣಪ್ಪ, ತಪ್ಪು ನಿನ್ನದಲ್ಲ ಎಂದು ಅವನಿಗೆ ಪತ್ರ ಬರೆಯುವ ಸಂಹಿತೆಯನ್ನು ಈವರೆಗೆ ಯಾವ ಸಚಿವಾಲಯವೂ ಬರೆದಿಲ್ಲ. ಇದನ್ನು ಹೇಳಿ ಹೇಳಿ ಸಾಕಾಗಿದೆ. 2015ರ ಡಿಸೆಂಬರ್‌ನಲ್ಲಿ, ಹತ್ತೊಂಬತ್ತರೊಳಗಿನ ತಂಡದ ಕೋಚ್ ಆಗಿದ್ದ ರಾಹುಲ್ ದ್ರಾವಿಡ್ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಇದನ್ನೇ ಹೇಳಿದರು: ವಯಸ್ಸು ಕದ್ದವನು ಗೆಲ್ಲುವುದು ಪ್ರತಿಭೆಯಿಂದಲ್ಲ, ಮೈಬಲದಿಂದ, ಅವನಿಂದಾಗಿ ಪ್ರಾಮಾಣಿಕ ಹುಡುಗನೊಬ್ಬನನ್ನು ಆಟ ಶಾಶ್ವತವಾಗಿ ಕಳೆದುಕೊಳ್ಳುತ್ತದೆ, ಹೆತ್ತವರೂ ಕೋಚುಗಳೂ ಸುಳ್ಳು ದಾಖಲೆ ಮಾಡುವುದನ್ನು ನೋಡಿದ ಮಗು ಇನ್ನೇನನ್ನು ಕಲಿತೀತು ಎಂಬ ಅರ್ಥದ ಮಾತು ಅದು. ಸಭೆ ಚಪ್ಪಾಳೆ ತಟ್ಟಿತು. ಪತ್ರಿಕೆಗಳು ಸಂಪಾದಕೀಯ ಬರೆದವು. ಪ್ಲಾಸ್ಟಿಕ್ ಫೈಲುಗಳು ಮರುದಿನವೂ ಮೈದಾನಕ್ಕೆ ಬಂದವು.

ಶಿಕ್ಷೆಯ ವಿಚಾರದಲ್ಲಿ ನಮ್ಮದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪದ್ಧತಿ. ಹನ್ನೊಂದನೆಯ ವಯಸ್ಸಿನಲ್ಲಿ ಅಪ್ಪ ತಿದ್ದಿಸಿದ ಕಾಗದಕ್ಕೆ ಹದಿನೆಂಟರಲ್ಲಿ ಮಗ ಮೈದಾನದಿಂದ ಹೊರಗೆ ನಿಲ್ಲಬೇಕು. 2001ರಲ್ಲಿ ಅಮೆರಿಕದಲ್ಲಿಯೂ ಇಂಥದೊಂದು ಹಗರಣ ಆಗಿತ್ತು. ಹನ್ನೆರಡರೊಳಗಿನ ಮಕ್ಕಳ ಬೇಸ್‌ಬಾಲ್ ವಿಶ್ವ ಸರಣಿಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ತಂಡದ ಹುಡುಗನೊಬ್ಬ ಎದುರಾಳಿಗಳನ್ನು ಒಬ್ಬರನ್ನೂ ಮೊದಲ ನೆಲೆಗೆ ಕಾಲಿಡಗೊಡದೆ ಚೆಂಡೆಸೆದು ದೇಶದ ಕಣ್ಮಣಿಯಾದ, ಆಮೇಲೆ ಅವನಿಗೆ ಹದಿನಾಲ್ಕು ಎಂಬುದು ಪತ್ತೆಯಾಯಿತು. ಡೊಮಿನಿಕನ್ ಗಣರಾಜ್ಯದಲ್ಲಿ ಅವನಿಗೆ ಎರಡು ಜನನ ಪ್ರಮಾಣಪತ್ರಗಳಿದ್ದವು. ತಂಡದ ಗೆಲುವುಗಳು ಅಳಿಸಿಹೋದವು, ಆದರೆ ಸರಣಿ ನಡೆಸುವ ಸಂಸ್ಥೆ ಜೀವನಪರ್ಯಂತ ನಿಷೇಧಿಸಿದ್ದು ಹುಡುಗನನ್ನಲ್ಲ, ಅವನ ತಂದೆಯನ್ನು ಮತ್ತು ಆ ಸ್ಥಳೀಯ ಲೀಗ್ ಕಟ್ಟಿದವರನ್ನು.

ನಮ್ಮಲ್ಲಿ ತಂದೆಯನ್ನು ನಿಷೇಧಿಸುವ ಮಾತಾಡಿದರೆ ಸಂಸ್ಕೃತಿಗೆ ಧಕ್ಕೆಯಾಗುತ್ತದೆ. ಆದ್ದರಿಂದ ನನ್ನದೊಂದು ವಿನಮ್ರ ಸಲಹೆ ಇದೆ. ಮಕ್ಕಳ ಪಂದ್ಯಾವಳಿಗಳನ್ನು ಮಕ್ಕಳಿಗೆ ಬಿಟ್ಟುಕೊಟ್ಟು, ಈ ಪೋಷಕರಿಗೆಂದೇ ತಾಲ್ಲೂಕು, ಜಿಲ್ಲೆ, ವಿಭಾಗ ಮಟ್ಟದಲ್ಲಿ ಪ್ರತ್ಯೇಕ ಪಂದ್ಯಾವಳಿ ನಡೆಸಬೇಕು. ಬಿಳಿ ಬಟ್ಟೆ, ಬಣ್ಣದ ಶಾಮಿಯಾನ, ಶಾಸಕರಿಂದ ಟ್ರೋಫಿ, ಆಯ್ಕೆಗಾರರ ಕುರ್ಚಿಯಲ್ಲಿ ಇವರ ಮಕ್ಕಳು. ಐವತ್ತು ಮೀರಿದವರಿಗೆ ಒಂದು ವಿಭಾಗ, ಅರವತ್ತು ಮೀರಿದವರಿಗೆ ಇನ್ನೊಂದು ಇರಲಿ. ನೋಂದಣಿಯ ಮೇಜಿಗೆ ಮಾತ್ರ ಬಿಗಿಯಾದ ಕಾವಲು ಬೇಕಾದೀತು. ಯಾಕೆಂದರೆ ಐವತ್ತು ಮೀರಿದವರ ವಿಭಾಗಕ್ಕೆ ಪ್ಲಾಸ್ಟಿಕ್ ಫೈಲು ಹಿಡಿದು, ತಲೆಗೆ ಬಿಳಿ ಬಣ್ಣ ಬಳಿದುಕೊಂಡು ಸಾಲಿನಲ್ಲಿ ಮೊದಲು ನಿಲ್ಲುವವರಿಗೆಲ್ಲ ಖಂಡಿತ ನಲವತ್ತೆರಡೇ ಆಗಿರುತ್ತದೆ.