ಹತ್ತಿ ಬೀಜದ ಚೀಲದ ಮೇಲೆ ಇನ್ನೊಂದು ಸಾಲು ಬೇಕು

"ಹೈಬ್ರಿಡ್ ಬೀಜ ಮತ್ತೆ ಬಿತ್ತಿದ್ರೆ ಹುಟ್ಟಂಗಿಲ್ಲ." ನಮ್ಮ ಶಹಾಪುರ, ಸುರಪುರ ಕಡೆ ಹತ್ತಿ ಬೆಳೆಯುವವರ ಬಾಯಲ್ಲಿ ಈ ಮಾತು ಕೇಳುತ್ತಲೇ ಇರುತ್ತೇನೆ. ಇದು ತಪ್ಪು. ಬೀಜ ಹುಟ್ಟುತ್ತದೆ, ಕಾಯಿಯೂ ಹಿಡಿಯುತ್ತದೆ. ಆದರೆ ಒಂದು ಗಿಡ ಎತ್ತರ, ಪಕ್ಕದ್ದು ಗಿಡ್ಡ. ಒಂದರ ಎಳೆ ಉದ್ದ, ಇನ್ನೊಂದರದ್ದು ತುಂಡು. ಇಳುವರಿ ಬೀಳುತ್ತದೆ. ಗುಣ ಚೆದುರುವುದು ಬೇರೆ, ಗಿಡ ಬರಡಾಗುವುದು ಬೇರೆ. ಎರಡನ್ನೂ ಕಲಸಿ ಹೇಳುವುದಕ್ಕೆ ನನ್ನ ತಕರಾರು.

ಬರಡಾಗುವುದು ಜವಾರಿ ಹತ್ತಿಯನ್ನು ಅಮೆರಿಕನ್ ಹತ್ತಿಗೆ ಕ್ರಾಸ್ ಮಾಡಿದಾಗ. ಗುಣಗಳನ್ನು ಹೊತ್ತು ಜೀವಕೋಶದೊಳಗೆ ಇರುವ ಕ್ರೋಮೋಸೋಮ್ ಜವಾರಿಯಲ್ಲಿ 26, ಅಮೆರಿಕನ್‌ನಲ್ಲಿ 52. ಎರಡೂ ತಮ್ಮ ಅರ್ಧ ಕೊಟ್ಟರೆ 13 ಮತ್ತು 26, ಒಟ್ಟು 39. ಇದೇ ಟ್ರಿಪ್ಲಾಯ್ಡ್, ಅಂದರೆ 13ರ ಮೂರು ಸೆಟ್. ಪರಾಗ ಆಗಬೇಕಾದರೆ ಕ್ರೋಮೋಸೋಮ್‌ಗಳು ಜೋಡಿ ಕಟ್ಟಬೇಕು. ಇಲ್ಲಿ ಹೆಚ್ಚುಕಮ್ಮಿ 26 ಸೇರಿ 13 ಜೋಡಿ ಕಟ್ಟಿ, ಉಳಿದ 13 ಒಂಟೆತ್ತಿನ ಹಾಗೆ ನಿಂತುಬಿಡುತ್ತವೆ. ನಾವು ತಿನ್ನುವ ಬಾಳೆಯೂ ಟ್ರಿಪ್ಲಾಯ್ಡೇ, 33. ಅಲ್ಲಿ ಬೀಜ ಇಲ್ಲದಿರುವುದೇ ಲಾಭ. ಹತ್ತಿಯಲ್ಲಿ ಎಳೆ ಬೆಳೆಯುವುದೇ ಬೀಜದ ಸಿಪ್ಪೆ ಮೇಲೆ. ಬೀಜ ಇಲ್ಲ ಅಂದ್ರೆ ಹತ್ತಿನೂ ಇಲ್ಲ!

"ಜವಾರಿ ಹತ್ತಿ ರಸ ಹೀರುವ ಹುಳಕ್ಕೆ ಜಗ್ಗಲ್ಲ, ಅದನ್ನ ಬಿಟಿಗೆ ಸೇರಿಸಬಾರದಾ?" ಅಂತ ರೈತರು ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಕಾಯಿಕೊರಕ ತಡೆಯುವ ನಮ್ಮ ಬಿಟಿ ಹತ್ತಿ ಅಮೆರಿಕನ್ ಜಾತಿಯದ್ದು, ಹಾಗಾಗಿ ಅಡ್ಡ ನಿಂತಿರುವುದು ಈ 39. ಕ್ರೋಮೋಸೋಮ್ ದುಪ್ಪಟ್ಟು ಮಾಡುವ ಕಾಲ್ಚಿಸಿನ್ ಅನ್ನೋ ರಾಸಾಯನಿಕ ಹಾಕಿ ಅದನ್ನು 78 ಮಾಡುವ ದಾರಿ ಇದೆ, ಆಮೇಲೆ ವರ್ಷಗಟ್ಟಲೆ ಮತ್ತೆ ಮತ್ತೆ ಕ್ರಾಸ್ ಮಾಡಬೇಕು.

1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಕೂಡ ಎರಡು ಜಾತಿಯ ಕ್ರಾಸೇ. ಆದರೆ ಅಮೆರಿಕನ್, ಈಜಿಪ್ಷಿಯನ್ ಎರಡರಲ್ಲೂ 52. ಹಾಗಾಗಿ ಕಾಯಿ ಕಟ್ಟಿತು. ಇಂಥ ಬೀಜ ಮಾಡುವ ಕೆಲಸ ನೋಡಬೇಕು. ನಾಳೆ ಅರಳುವ ಮೊಗ್ಗನ್ನು ಸಂಜೆಯೇ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಎಸಳು, ಕೇಸರ ಎಲ್ಲ ಸುತ್ತ ಬಿಡಿಸಿ ತೆಗೆಯುತ್ತಾರೆ. ನಡುವಿನ ಹೆಣ್ಣು ಭಾಗಕ್ಕೆ ಉಗುರು ತಾಗಬಾರದು. ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದಕ್ಕೆ ತಿಕ್ಕುತ್ತಾರೆ. ಒಂದೊಂದು ಹೂವಿಗೂ ಇಷ್ಟು ಕೆಲಸ. ಬೀಜಕ್ಕೆ ಯಾಕೆ ಅಷ್ಟು ರೇಟು ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ನಮ್ಮ ಪಿಯುಸಿ ಮಕ್ಕಳು ಟ್ರಿಪ್ಲಾಯ್ಡ್ ಅಂತ ಬಾಯಿಪಾಠ ಮಾಡುತ್ತಾರೆ, ಮನೆ ಹಿಂದಿನ ಹೊಲದ ಹತ್ತಿಯಲ್ಲಿ ಎಷ್ಟು ಕ್ರೋಮೋಸೋಮ್ ಇದೆ ಅಂತ ಯಾರೂ ಹೇಳಿಕೊಟ್ಟಿರಲ್ಲ. ಚೀಲದ ಮೇಲೆ ಕನ್ನಡದಲ್ಲಿ ಒಂದು ಸಾಲು ಹಾಕಲಿ: ತಂದೆತಾಯಿ ಯಾವ ಜಾತಿ, ಬೀಜ ಇಟ್ಟುಕೊಂಡರೆ ಏನಾಗುತ್ತದೆ. ಭೀಮರಾಯನಗುಡಿ ಕೃಷಿ ಕಾಲೇಜಿನವರು ಓದುತ್ತಿದ್ದರೆ ಇನ್ನೊಂದು ಕೋರಿಕೆ. ಜವಾರಿ ಒಂದು ಸಾಲು, ಅಮೆರಿಕನ್ ಒಂದು ಸಾಲು, ನಡುವೆ 39ರದ್ದು ನಾಲ್ಕು ಗಿಡ ಹಾಕಿ, ಕಾಯಿ ಬಿಡುವ ಹೊತ್ತಿಗೆ ರೈತರನ್ನು ಕರೆಯಿರಿ.